ಎಲ್1ಗೆ ದಾರಿ ಹಾಕುವುದು ಹೇಗೆ: ಲ್ಯಾಪ್‌ಟಾಪ್‌ನಲ್ಲೇ ಒಂದು ಹೇಲೋ ಕಕ್ಷೆ

ಸೂರ್ಯನನ್ನು ಗಮನಿಸುವ ಇಸ್ರೋದ ಆದಿತ್ಯ ಎಲ್1 ನೌಕೆ 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟಿತು. 2024ರ ಜನವರಿ 6ರ ಸಂಜೆ ನಾಲ್ಕರ ಹೊತ್ತಿಗೆ, ಸೂರ್ಯ ಮತ್ತು ಭೂಮಿಯ ನಡುವಿನ ಎಲ್1 ಎಂಬ ಬಿಂದುವನ್ನು ಬಳೆಯ ಹಾಗೆ ಸುತ್ತುವ ತನ್ನ ಹೇಲೋ ಕಕ್ಷೆ ಸೇರಿತು. ಈ ಎರಡು ದಿನಗಳ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರಹ ಬಂದಿವೆ. ನಡುವಿನ ನಾಲ್ಕು ತಿಂಗಳು ಅದು ಯಾವ ದಾರಿಯಲ್ಲಿ ಹೋಯಿತು, ಆ ದಾರಿಯನ್ನು ಯಾವ ಲೆಕ್ಕದಿಂದ ಹುಡುಕುತ್ತಾರೆ ಅನ್ನುವುದರ ಬಗ್ಗೆ ಬಂದಿರುವುದು ಕಮ್ಮಿ. ಅದೇ ಈ ಬರಹದ ವಿಷಯ.

ಓದಿ ಬಿಡುವುದಕ್ಕಿಂತ ಜೊತೆಯಲ್ಲೇ ಮಾಡುತ್ತಾ ಬಂದರೆ ಒಳ್ಳೆಯದು. ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಅದರಲ್ಲಿ ಪೈಥಾನ್ ಭಾಷೆ, ಅದರ ಗಣಿತ ಪ್ಯಾಕೇಜ್‌ಗಳಾದ ನಮ್‌ಪೈ, ಸೈಪೈ ಇರಲಿ. ಡಿಗ್ರಿ ಮಟ್ಟದ ಕ್ಯಾಲ್ಕುಲಸ್ ಮತ್ತು ಮ್ಯಾಟ್ರಿಕ್ಸ್ ಗೊತ್ತಿದ್ದರೆ ಆಯಿತು. ಇಸ್ರೋ ಬಳಸುವ ತಂತ್ರಾಂಶವನ್ನು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲೇ ಬರೆದಿದ್ದಾರೆ, ಅದು ನಮ್ಮ ಕೈಗೆ ಸಿಗುವುದಿಲ್ಲ. ಆದರೆ ಇಂಥ ಲೆಕ್ಕದ ಹಿಂದಿನ ಗಣಿತ ಎಲ್ಲರದ್ದೂ ಹೌದು.

ಮೊದಲು ಒಂದು ತಪ್ಪು ಕಲ್ಪನೆ ತೆಗೆಯೋಣ

"ಸೂರ್ಯ ಮತ್ತು ಭೂಮಿಯ ಸೆಳೆತ ಸಮವಾಗುವ ಜಾಗವೇ ಎಲ್1" ಎಂದು ಎಷ್ಟೋ ಕಡೆ ಬರೆಯುತ್ತಾರೆ. ಅದು ಸರಿಯಲ್ಲ. ಎರಡರ ಸೆಳೆತ ನಿಜಕ್ಕೂ ಸಮವಾಗುವುದು ಭೂಮಿಯಿಂದ ಸುಮಾರು 2.6 ಲಕ್ಷ ಕಿ.ಮೀ. ದೂರದಲ್ಲಿ. ಅಂದರೆ ಚಂದ್ರನಿಗಿಂತಲೂ ಈಚೆ! ಎಲ್1 ಇರುವುದು ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ.

ನಡೆಯುವುದು ಹೀಗೆ. ಸೂರ್ಯನಿಗೆ ಹತ್ತಿರ ಇರುವ ವಸ್ತು ಭೂಮಿಗಿಂತ ಬೇಗ ಸುತ್ತಬೇಕು. ಆದರೆ ಭೂಮಿ ಅದನ್ನು ಹಿಂದಕ್ಕೆ ಎಳೆಯುತ್ತಿದ್ದರೆ ಸೂರ್ಯನ ಸೆಳೆತದಲ್ಲಿ ಒಂದು ಪಾಲು ಕಳೆದುಹೋಗುತ್ತದೆ. ಉಳಿದ ಸೆಳೆತಕ್ಕೆ ನಿಧಾನವಾಗಿ ಸುತ್ತಿದರೂ ನಡೆಯುತ್ತದೆ. ಯಾವ ದೂರದಲ್ಲಿ ಈ ನಿಧಾನ ಸುತ್ತು ಸರಿಯಾಗಿ ಒಂದು ವರ್ಷಕ್ಕೆ ಬಂದು ಕೂರುತ್ತದೋ ಅದೇ ಎಲ್1. ಸೆಳೆತದ ಜೊತೆ ಸುತ್ತಾಟವೂ ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ಹಳೆಯ ವಿಧಾನ ಇಲ್ಲಿ ಯಾಕೆ ಕೈಕೊಡುತ್ತದೆ

ಮಂಗಳಯಾನದಂಥ ಪಯಣಕ್ಕೆ ಮೊದಲ ಅಂದಾಜು ಮಾಡುವಾಗ ದಾರಿಯನ್ನು ತುಂಡು ಮಾಡುತ್ತಾರೆ. ಭೂಮಿಯ ಹತ್ತಿರ ಇರುವಾಗ ಭೂಮಿಯ ಸೆಳೆತ ಮಾತ್ರ, ಆಮೇಲೆ ಸೂರ್ಯನದ್ದು ಮಾತ್ರ, ಕೊನೆಗೆ ಮಂಗಳನದ್ದು ಮಾತ್ರ. ಪ್ರತಿ ತುಂಡೂ ಕೆಪ್ಲರ್ ಹೇಳಿದ ದೀರ್ಘವೃತ್ತ ಅಥವಾ ಅತಿಪರವಲಯ. ತುಂಡುಗಳನ್ನು ಜೋಡಿಸಿದರೆ ದಾರಿ ಸಿದ್ಧ. ಇದಕ್ಕೆ ಪ್ಯಾಚ್ಡ್ ಕಾನಿಕ್ ಎಂದು ಹೆಸರು.

ಈ ವಿಧಾನದಲ್ಲಿ ಭೂಮಿಯ ಪ್ರಭಾವ ವಲಯ ಸುಮಾರು 9.2 ಲಕ್ಷ ಕಿ.ಮೀ.ಗೆ ಮುಗಿಯುತ್ತದೆ. ಆದಿತ್ಯ ಆ ಗೆರೆ ದಾಟಿದ್ದನ್ನು ಇಸ್ರೋ 2023ರ ಸೆಪ್ಟೆಂಬರ್ 30ರಂದು ಪ್ರಕಟಿಸಿತ್ತು. ಎಲ್1 ಇರುವುದು ಆ ಗೆರೆಯಿಂದ ಆಚೆ. ಅಲ್ಲಿ ಭೂಮಿಯ ಸೆಳೆತವನ್ನು ಬಿಟ್ಟು ಲೆಕ್ಕ ಮಾಡಿದರೆ ಎಲ್1 ಎಂಬ ಜಾಗವೇ ಇರುವುದಿಲ್ಲ! ಹಾಗಾಗಿ ಎರಡು ಸೆಳೆತಗಳನ್ನೂ ಮೊದಲಿನಿಂದ ಕೊನೆಯವರೆಗೆ ಒಟ್ಟಿಗೆ ಇಟ್ಟುಕೊಳ್ಳಲೇಬೇಕು.

ಹೆಜ್ಜೆ 1: ತಿರುಗುವ ಚೌಕಟ್ಟು

ಸೂರ್ಯ ಮತ್ತು ಭೂಮಿ ಒಂದಕ್ಕೊಂದು ವೃತ್ತದಲ್ಲಿ ಸುತ್ತುತ್ತಿವೆ ಎಂದುಕೊಳ್ಳಿ. ನೌಕೆಗೆ ತೂಕವೇ ಇಲ್ಲ ಎಂದುಕೊಳ್ಳಿ. ಈಗ ಆ ಎರಡರ ಜೊತೆಗೇ ತಿರುಗುವ ಅಕ್ಷಗಳನ್ನು ಹಾಕಿ. ಎಕ್ಸ್ ಅಕ್ಷ ಸೂರ್ಯನಿಂದ ಭೂಮಿಯ ಕಡೆಗೆ. ವೈ ಅಕ್ಷ ಭೂಮಿ ಚಲಿಸುವ ದಿಕ್ಕಿಗೆ. ಝಡ್ ಅಕ್ಷ ಮೇಲಕ್ಕೆ. ಈ ಚೌಕಟ್ಟಿನಲ್ಲಿ ಸೂರ್ಯನೂ ಭೂಮಿಯೂ ಅಲುಗಾಡುವುದಿಲ್ಲ.

ಆಮೇಲೆ ಅಳತೆಗಳನ್ನು ಬದಲಾಯಿಸಿ. ಸೂರ್ಯ–ಭೂಮಿ ದೂರ, ಅಂದರೆ 14.96 ಕೋಟಿ ಕಿ.ಮೀ., ಇದನ್ನು 1 ಎಂದು ತೆಗೆದುಕೊಳ್ಳಿ. ಒಂದು ವರ್ಷವನ್ನು 2 ಪೈ ಎಂದು ತೆಗೆದುಕೊಳ್ಳಿ. ಆಗ ಕಾಲದ ಒಂದು ಘಟಕ ಸುಮಾರು 58.13 ದಿನ. ವೇಗದ ಒಂದು ಘಟಕ ಸೆಕೆಂಡಿಗೆ 29.78 ಕಿ.ಮೀ. ಉಳಿಯುವುದು ಒಂದೇ ಒಂದು ಸಂಖ್ಯೆ, ಮ್ಯೂ. ಒಟ್ಟು ದ್ರವ್ಯರಾಶಿಯಲ್ಲಿ ಭೂಮಿಯ ಪಾಲು ಎಷ್ಟು ಅನ್ನುವುದೇ ಮ್ಯೂ. ಚಂದ್ರನನ್ನೂ ಭೂಮಿಯ ಜೊತೆ ಸೇರಿಸಿದರೆ ಅದರ ಬೆಲೆ 0.0000030404. ಸೂರ್ಯ ಇರುವುದು ಎಕ್ಸ್ = −ಮ್ಯೂ ಎಂಬಲ್ಲಿ, ಭೂಮಿ ಇರುವುದು ಎಕ್ಸ್ = 1 − ಮ್ಯೂ ಎಂಬಲ್ಲಿ.

ನೌಕೆಯಿಂದ ಸೂರ್ಯನಿಗೆ ಇರುವ ದೂರ ದೂ1, ಭೂಮಿಗೆ ಇರುವ ದೂರ ದೂ2 ಎಂದಿಟ್ಟರೆ ಸಮೀಕರಣಗಳು ಹೀಗೆ:

ಎಕ್ಸ್-ವೇಗೋತ್ಕರ್ಷ = 2 × ವೈ-ವೇಗ + ಎಕ್ಸ್ − (1 − ಮ್ಯೂ) × (ಎಕ್ಸ್ + ಮ್ಯೂ) / ದೂ1³ − ಮ್ಯೂ × (ಎಕ್ಸ್ − 1 + ಮ್ಯೂ) / ದೂ2³

ವೈ-ವೇಗೋತ್ಕರ್ಷ = −2 × ಎಕ್ಸ್-ವೇಗ + ವೈ − (1 − ಮ್ಯೂ) × ವೈ / ದೂ1³ − ಮ್ಯೂ × ವೈ / ದೂ2³

ಝಡ್-ವೇಗೋತ್ಕರ್ಷ = −(1 − ಮ್ಯೂ) × ಝಡ್ / ದೂ1³ − ಮ್ಯೂ × ಝಡ್ / ದೂ2³

ಇಷ್ಟೇ. ಇದನ್ನು ಸೈಪೈನ ಡಿಒಪಿ853 ಇಂಟಿಗ್ರೇಟರ್‌ಗೆ, ಅಂದರೆ ಇಂಥ ಸಮೀಕರಣಗಳನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸುವ ಕೋಡ್‌ಗೆ ಕೊಡಿ. ದೋಷದ ಮಿತಿಯನ್ನು 12 ದಶಮಾಂಶ ಸ್ಥಾನದಷ್ಟು ಬಿಗಿಯಾಗಿ ಇಡಿ. ಅದು ತಾನಾಗಿ ಇಟ್ಟುಕೊಳ್ಳುವ ಮಿತಿ ಈ ಕೆಲಸಕ್ಕೆ ಏನೇನೂ ಸಾಲದು. ಯಾಕೆ ಅಂತ ಮೂರನೇ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಮುಂದೆ ಹೋಗುವ ಮುನ್ನ ಎರಡು ಪರೀಕ್ಷೆ ಮಾಡಿ. ಒಂದು, ನೌಕೆಯನ್ನು ಎಲ್1ರ ಹಾಗೆಯೇ ಇನ್ನೊಂದು ಸಮತೋಲನದ ಜಾಗವಾದ ಎಲ್4 ಬಿಂದುವಿನಲ್ಲಿ, ಅಂದರೆ ಎಕ್ಸ್ = 0.5 − ಮ್ಯೂ, ವೈ = 0.8660254 ಎಂಬಲ್ಲಿ, ವೇಗವಿಲ್ಲದೆ ನಿಲ್ಲಿಸಿ. ಅದು ಅಲ್ಲೇ ನಿಂತಿರಬೇಕು. ಜರುಗಿದರೆ ಎಲ್ಲೋ ಒಂದು ಪ್ಲಸ್-ಮೈನಸ್ ಅದಲುಬದಲಾಗಿದೆ. ಇನ್ನೊಂದು, ಯಾಕೋಬಿ ಸ್ಥಿರಾಂಕ. ಎಕ್ಸ್² + ವೈ² + 2(1 − ಮ್ಯೂ)/ದೂ1 + 2ಮ್ಯೂ/ದೂ2, ಇದರಿಂದ ವೇಗದ ವರ್ಗವನ್ನು ಕಳೆಯಿರಿ. ನೌಕೆ ಎಲ್ಲೇ ಹೋಗಲಿ, ಈ ಸಂಖ್ಯೆ ಬದಲಾಗಬಾರದು. ಎಲ್1ರಲ್ಲಿ ಅದು 3.0009ರ ಆಸುಪಾಸು ಇರುತ್ತದೆ. ಈ ಲೆಕ್ಕವನ್ನು ಪ್ರತಿ ಓಟದ ಕೊನೆಯಲ್ಲೂ ಪ್ರಿಂಟ್ ಮಾಡಿಸಿ. ಇಷ್ಟು ಅಗ್ಗದ ಕಾವಲುಗಾರ ಇನ್ನೊಬ್ಬ ಸಿಗುವುದಿಲ್ಲ.

ಹೆಜ್ಜೆ 2: ಎಲ್1 ಎಲ್ಲಿದೆ

ವೈ, ಝಡ್ ಮತ್ತು ಎಲ್ಲ ವೇಗಗಳನ್ನು ಸೊನ್ನೆ ಮಾಡಿ. ಎಕ್ಸ್-ವೇಗೋತ್ಕರ್ಷವೂ ಸೊನ್ನೆಯಾಗುವ ಜಾಗವನ್ನು ಸೂರ್ಯ ಮತ್ತು ಭೂಮಿಯ ನಡುವೆ ಹುಡುಕಿ. ಮೊದಲ ಊಹೆಗೆ ಮ್ಯೂವನ್ನು 3ರಿಂದ ಭಾಗಿಸಿ ಘನಮೂಲ ತೆಗೆಯಿರಿ, 0.010045 ಬರುತ್ತದೆ. ನ್ಯೂಟನ್ ವಿಧಾನದಲ್ಲಿ ಅದನ್ನು ತಿದ್ದಿದರೆ ಭೂಮಿಯಿಂದ ಎಲ್1ಗೆ ಇರುವ ದೂರ 0.010011 ಎಂದು ಸಿಗುತ್ತದೆ. ಕಿ.ಮೀ.ಗೆ ಬದಲಾಯಿಸಿದರೆ ಸುಮಾರು 14.98 ಲಕ್ಷ.

ಹೆಜ್ಜೆ 3: ಎಲ್1ರ ಸುತ್ತಮುತ್ತ ಹೇಗಿದೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಡೀ ವಿಷಯದ ತಿರುಳು ಇಲ್ಲಿದೆ.

ಎಲ್1ಗೆ ಹತ್ತಿರದಲ್ಲಿ ಸಮೀಕರಣಗಳನ್ನು ಸರಳ ಮಾಡಿದರೆ ಒಂದೇ ಒಂದು ಸಂಖ್ಯೆ ಎಲ್ಲವನ್ನೂ ನಿರ್ಧರಿಸುತ್ತದೆ. ಮ್ಯೂವನ್ನು ಭೂಮಿಯ ದೂರದ ಘನದಿಂದ ಭಾಗಿಸಿ. 1 − ಮ್ಯೂವನ್ನು ಸೂರ್ಯನ ದೂರದ ಘನದಿಂದ ಭಾಗಿಸಿ. ಎರಡನ್ನೂ ಕೂಡಿದರೆ 4.061 ಬರುತ್ತದೆ. ಇದರಿಂದ ಮೂರು ಬಗೆಯ ಚಲನೆ ಹುಟ್ಟುತ್ತದೆ.

ಮೊದಲನೆಯದು ಎಕ್ಸ್–ವೈ ಸಮತಲದಲ್ಲಿ ತೂಗಾಟ. ಇದರ ಆವರ್ತನ 2.0865, ಅಂದರೆ ಸುತ್ತಿಗೆ ಸುಮಾರು 175 ದಿನ. ಈ ತೂಗಾಟ ಉದ್ದುದ್ದ ಇರುತ್ತದೆ, ವೈ ದಿಕ್ಕಿನ ಹರವು ಎಕ್ಸ್ ದಿಕ್ಕಿನ 3.23 ಪಟ್ಟು. ಎರಡನೆಯದು ಮೇಲೆ-ಕೆಳಗೆ ತೂಗಾಟ. ಇದರ ಆವರ್ತನ 2.0152, ಅಂದರೆ ಸುಮಾರು 181 ದಿನ. ಈಗ ಆದಿತ್ಯನ ಕಕ್ಷೆಯನ್ನು ಇದರ ಪಕ್ಕ ಇಟ್ಟು ನೋಡಿ. ಅದರ ಹರವು (ನಡುವಿನಿಂದ ಒಂದು ಬದಿಗೆ) ಎಕ್ಸ್ ದಿಕ್ಕಿನಲ್ಲಿ 2,09,200 ಕಿ.ಮೀ., ವೈ ದಿಕ್ಕಿನಲ್ಲಿ 6,63,200 ಕಿ.ಮೀ., ಝಡ್ ದಿಕ್ಕಿನಲ್ಲಿ 1,20,000 ಕಿ.ಮೀ. ಮೊದಲೆರಡರ ಅನುಪಾತ 3.17. ಸುತ್ತಿಗೆ 177.86 ದಿನ. ಕೈಯಲ್ಲೇ ಮಾಡಬಹುದಾದ ಒಂದು ಸರಳ ಲೆಕ್ಕ ನಿಜವಾದ ನೌಕೆಗೆ ಎಷ್ಟು ಹತ್ತಿರ ಬಂತು ಅಲ್ವಾ? ನನಗಂತೂ ಇದು ಪ್ರತಿ ಸಲವೂ ಖುಷಿ ಕೊಡುವ ಜಾಗ.

ಮೂರನೆಯದು ತೂಗಾಟವೇ ಅಲ್ಲ. 2.533 ಎಂಬ ದರದಲ್ಲಿ ಒಂದು ದಿಕ್ಕಿನಲ್ಲಿ ಬೆಳೆಯುತ್ತದೆ, ಇನ್ನೊಂದು ದಿಕ್ಕಿನಲ್ಲಿ ಅಷ್ಟೇ ದರದಲ್ಲಿ ಕುಗ್ಗುತ್ತದೆ. ದಿನದ ಲೆಕ್ಕದಲ್ಲಿ ಹೇಳುವುದಾದರೆ ಸಣ್ಣದೊಂದು ತಪ್ಪು 16 ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಇವತ್ತಿನ 1 ಕಿ.ಮೀ. ತಪ್ಪು ಆರು ತಿಂಗಳಲ್ಲಿ 2,000 ಕಿ.ಮೀ. ದಾಟಬಹುದು. ಇಂಟಿಗ್ರೇಟರ್‌ನ ಮಿತಿಯನ್ನು ಬಿಗಿಯಾಗಿ ಇಡಿ ಎಂದದ್ದು ಇದಕ್ಕೇ.

ಸಕಲೇಶಪುರದ ಬಿಸಿಲೆ ಘಾಟಿಯ ಹತ್ತಿರ ಮಂಕನಹಳ್ಳಿಯಲ್ಲಿ ಒಂದು ದಿಬ್ಬ ಇದೆ. ಅದರ ಒಂದು ಪಕ್ಕ ಬಿದ್ದ ಮಳೆನೀರು ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಪಕ್ಕ ಬಿದ್ದದ್ದು ಬಂಗಾಳಕೊಲ್ಲಿಗೆ ಹೋಗುತ್ತದೆ. ಎಲ್1 ಅಂಥದ್ದೇ ಏಣು. ಈ ಕಡೆ ಒಂದಿಷ್ಟು ಜರುಗಿದರೆ ಭೂಮಿಯತ್ತ, ಆ ಕಡೆ ಜರುಗಿದರೆ ಸೂರ್ಯನ ಸುತ್ತಲಿನ ಬೇರೆ ದಾರಿಗೆ. ಆದರೆ ಏಣಿನ ಮೇಲಿಂದ ಇಳಿಯುವ ದಾರಿ ಇದ್ದರೆ ಅದೇ ಏಣಿಗೆ ಹತ್ತಿ ಬರುವ ದಾರಿಯೂ ಇರಲೇಬೇಕು. ಕುಗ್ಗುವ ದಿಕ್ಕು ಅಂದದ್ದು ಅದನ್ನೇ. ನೌಕೆಯನ್ನು ಆ ದಾರಿಗೆ ಹತ್ತಿಸಿಬಿಟ್ಟರೆ ಸಾಕು, ಕೊನೆಯಲ್ಲಿ ದೊಡ್ಡ ಬ್ರೇಕ್ ಹಾಕದೆ ತಾನಾಗಿ ಎಲ್1ರ ಕಕ್ಷೆಗೆ ಬಂದು ಸೇರುತ್ತದೆ. ಅಸ್ಥಿರತೆ ಅಂದರೆ ಕಾಟ ಎಂದು ಮಾತ್ರ ನೋಡಬೇಡಿ, ಇಂಧನ ಉಳಿಸುವುದೂ ಅದೇ. ಮಾರ್ಗ ವಿನ್ಯಾಸ ಮಾಡುವವರು ಅದರ ಜೊತೆ ಗುದ್ದಾಡುವುದಿಲ್ಲ, ಅದನ್ನು ಬಳಸಿಕೊಳ್ಳುತ್ತಾರೆ.

ಹೆಜ್ಜೆ 4: ಎಷ್ಟು ದೊಡ್ಡ ಕಕ್ಷೆ

ಎಲ್1ರಲ್ಲೇ ನೌಕೆ ನಿಲ್ಲಿಸಿದರೆ ಏನಾಗುತ್ತದೆ? ಭೂಮಿಯಿಂದ ನೋಡುವ ಆಂಟೆನಾಗೆ ನೌಕೆಯ ಹಿಂದೆಯೇ ಸೂರ್ಯ. ಸೂರ್ಯನ ರೇಡಿಯೋ ಗದ್ದಲದಲ್ಲಿ ನೌಕೆಯ ದನಿ ಮುಳುಗಿಹೋಗುತ್ತದೆ. ಹಾಗಾಗಿ ಕಕ್ಷೆ ಸೂರ್ಯನ ಸುತ್ತ ಬಳೆಯ ಹಾಗೆ ಕಾಣಬೇಕು. ಇಂಥ ಕಕ್ಷೆಗೆ ರಾಬರ್ಟ್ ಫಾರ್ಕ್ವಾರ್ 1960ರ ದಶಕದಲ್ಲಿ ಹೇಲೋ ಎಂದು ಹೆಸರಿಟ್ಟರು. 1978ರಲ್ಲಿ ಐಎಸ್‌ಇಇ-3 ನೌಕೆ ಎಲ್1ರ ಹೇಲೋ ಕಕ್ಷೆಗೆ ಹೋದ ಮೊದಲನೆಯದು.

ಆದಿತ್ಯನ 1,20,000 ಕಿ.ಮೀ. ಎತ್ತರ ಭೂಮಿಯಿಂದ ನೋಡಿದಾಗ ಸುಮಾರು 4.6 ಡಿಗ್ರಿ. ಸೂರ್ಯಬಿಂಬದ ಅಗಲ ಅರ್ಧ ಡಿಗ್ರಿ. ನೌಕೆ ಸೂರ್ಯನ ಮೇಲಿಂದ ಅಥವಾ ಕೆಳಗಿನಿಂದ ಹಾಯುವಾಗಲೂ ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿರುವ ಇಸ್ರೋ ಆಂಟೆನಾಗೆ ಸಾಕಷ್ಟು ಅಂತರ ಸಿಗುತ್ತದೆ.

ಒಂದು ವಿಷಯ ಗಮನಿಸಿ. ಸಮತಲದ ತೂಗಾಟಕ್ಕೆ 175 ದಿನ, ಮೇಲೆ-ಕೆಳಗಿನದಕ್ಕೆ 181 ದಿನ. ಎರಡೂ ಕೂಡಿ ಒಂದೇ ಬಳೆಯಾಗಬೇಕಾದರೆ ಎರಡರ ಅವಧಿ ಒಂದೇ ಆಗಬೇಕು. ಸಣ್ಣ ಕಕ್ಷೆಯಲ್ಲಿ ಅದು ಆಗುವುದಿಲ್ಲ, ಬಳೆ ಮುಚ್ಚಿಕೊಳ್ಳದೆ ಸುರುಳಿ ಸುತ್ತುತ್ತದೆ. ಅದಕ್ಕೆ ಲಿಸಾಜು ಕಕ್ಷೆ ಎನ್ನುತ್ತಾರೆ. ಎಕ್ಸ್ ದಿಕ್ಕಿನ ಹರವು 2 ಲಕ್ಷ ಕಿ.ಮೀ. ಆಸುಪಾಸಿಗೆ ಬಂದಾಗ ಸಮೀಕರಣ ಸರಳ ಮಾಡುವಾಗ ಬಿಟ್ಟಿದ್ದ ಗುರುತ್ವದ ಪಾಲು ಎರಡು ಅವಧಿಗಳನ್ನು ಸಮ ಮಾಡುತ್ತದೆ. ಸೂರ್ಯ–ಭೂಮಿಯ ಹೇಲೋ ಕಕ್ಷೆಗಳು ವೈ ದಿಕ್ಕಿನಲ್ಲಿ 6.5 ಲಕ್ಷ ಕಿ.ಮೀ.ಗಿಂತ ಚಿಕ್ಕದಾಗಿ ಸಿಗದೇ ಇರುವುದು ಇದರಿಂದಲೇ. ನೀವು ಆರಿಸಬಹುದಾದದ್ದು ಝಡ್ ಎತ್ತರ ಮಾತ್ರ. ಉಳಿದದ್ದು ತಾನಾಗಿ ಬರುತ್ತದೆ.

ಹೆಜ್ಜೆ 5: ಊಹೆಯಿಂದ ಕಕ್ಷೆಗೆ

ಈ ಚೌಕಟ್ಟಿಗೆ ಒಂದು ಒಳ್ಳೆಯ ಗುಣ ಇದೆ. ಎಕ್ಸ್–ಝಡ್ ಸಮತಲ ಕನ್ನಡಿಯ ಹಾಗೆ ಕೆಲಸ ಮಾಡುತ್ತದೆ. ನೌಕೆ ಆ ಸಮತಲವನ್ನು ನೇರ ಲಂಬವಾಗಿ ದಾಟಿ ಹೊರಟು, ಮುಂದಿನ ಸಲವೂ ಲಂಬವಾಗಿಯೇ ದಾಟಿದರೆ ಉಳಿದರ್ಧ ಕಕ್ಷೆ ಮೊದಲರ್ಧದ ಪ್ರತಿಬಿಂಬ. ಕಕ್ಷೆ ಮುಚ್ಚಿಕೊಂಡಿತು ಎಂದೇ ಅರ್ಥ. ಹಾಗಾಗಿ ಅರ್ಧ ಸುತ್ತಿನ ಲೆಕ್ಕ ಸಾಕು.

ಆರಂಭದಲ್ಲಿ ವೈ ಸೊನ್ನೆ, ಎಕ್ಸ್-ವೇಗ ಸೊನ್ನೆ, ಝಡ್-ವೇಗ ಸೊನ್ನೆ. ಝಡ್ ಸ್ಥಾನವನ್ನು 1,20,000 ಕಿ.ಮೀ.ಗೆ ಹತ್ತಿರದ 0.0008 ಎಂದು ಗಟ್ಟಿ ಮಾಡಿ. ಬದಲಾಯಿಸಲು ಉಳಿದದ್ದು ಎರಡೇ: ಎಕ್ಸ್ ಸ್ಥಾನ ಮತ್ತು ವೈ-ವೇಗ. ಸರಳ ಲೆಕ್ಕದ ಪ್ರಕಾರ ಎಲ್1ರಿಂದ ಸೂರ್ಯನ ಕಡೆಗೆ 0.0014ರಷ್ಟು ಸರಿದು ನಿಲ್ಲಬೇಕು. ವೈ-ವೇಗ 0.0014 × 3.23 × 2.0865, ಅಂದರೆ ಸುಮಾರು 0.0094. ಇದು ಸೆಕೆಂಡಿಗೆ 280 ಮೀಟರ್. ಈ ಊಹೆ ಒರಟು, ಎಷ್ಟೋ ಸಲ ಕೂರುವುದಿಲ್ಲ. ರಿಚರ್ಡ್‌ಸನ್ 1980ರಲ್ಲಿ ಪ್ರಕಟಿಸಿದ ಮೂರನೇ ದರ್ಜೆಯ ಸೂತ್ರ ಇದಕ್ಕಿಂತ ಬಹಳ ಒಳ್ಳೆಯ ಆರಂಭ ಕೊಡುತ್ತದೆ. ಸೂತ್ರ ಉದ್ದ ಇದೆ, ಟೈಪ್ ಮಾಡಲು ತಾಳ್ಮೆ ಬೇಕು. ಆದರೂ ಮಾಡಿ.

ಈಗ ತಿದ್ದುವ ಕೆಲಸ. ಆರಂಭದಲ್ಲಿ ಒಂದಿಷ್ಟು ಬದಲಾಯಿಸಿದರೆ ಕೊನೆಯಲ್ಲಿ ಎಷ್ಟು ಬದಲಾಗುತ್ತದೆ ಎಂದು ಹೇಳುವ 6 × 6 ಮ್ಯಾಟ್ರಿಕ್ಸ್ ಬೇಕು. ಇದನ್ನು ಸ್ಟೇಟ್ ಟ್ರಾನ್ಸಿಷನ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಅದರ 36 ಸಮೀಕರಣ, ನೌಕೆಯ 6, ಒಟ್ಟು 42ನ್ನು ಒಟ್ಟಿಗೆ ಓಡಿಸಿ. ವೈ ಮತ್ತೆ ಸೊನ್ನೆಯಾದ ಕೂಡಲೇ ನಿಲ್ಲಿಸಿ. ಹೊರಡುವಾಗಲೇ ವೈ ಸೊನ್ನೆ ಇರುತ್ತದಲ್ಲ, ಇಂಟಿಗ್ರೇಟರ್ ಅದನ್ನೇ ಹಿಡಿದು ನಿಂತುಬಿಡಬಹುದು. ವೈ ಪ್ಲಸ್‌ನಿಂದ ಮೈನಸ್‌ಗೆ ಇಳಿಯುವಾಗ ಮಾತ್ರ ನಿಲ್ಲಲು ಹೇಳಿ.

ನಿಂತ ಜಾಗದಲ್ಲಿ ಎಕ್ಸ್-ವೇಗವೂ ಝಡ್-ವೇಗವೂ ಸೊನ್ನೆಯಾಗಿರಬೇಕಿತ್ತು, ಆಗಿರುವುದಿಲ್ಲ. ಮ್ಯಾಟ್ರಿಕ್ಸ್‌ನ 4 ಮತ್ತು 6ನೇ ಸಾಲು, 1 ಮತ್ತು 5ನೇ ಕಂಬ, ಇವುಗಳ ನಾಲ್ಕು ಸಂಖ್ಯೆಗಳನ್ನು ತೆಗೆದುಕೊಳ್ಳಿ. ಇಲ್ಲೊಂದು ಸೂಕ್ಷ್ಮ ಇದೆ. ಆರಂಭ ಬದಲಾದರೆ ಸಮತಲ ದಾಟುವ ಗಳಿಗೆಯೂ ಬದಲಾಗುತ್ತದೆ. ಅದಕ್ಕಾಗಿ ಆ ನಾಲ್ಕು ಸಂಖ್ಯೆಗಳಿಂದ ಇನ್ನೊಂದು ಪಾಲು ಕಳೆಯಬೇಕು: ದಾಟುವಾಗಿನ ಎಕ್ಸ್ ಮತ್ತು ಝಡ್ ವೇಗೋತ್ಕರ್ಷಗಳನ್ನು ವೈ-ವೇಗದಿಂದ ಭಾಗಿಸಿ, ಮ್ಯಾಟ್ರಿಕ್ಸ್‌ನ 2ನೇ ಸಾಲಿನ 1 ಮತ್ತು 5ನೇ ಸಂಖ್ಯೆಗಳಿಂದ ಗುಣಿಸಿದಾಗ ಬರುವ ಪಾಲು. ಹೀಗೆ ಸಿಕ್ಕ 2 × 2 ಮ್ಯಾಟ್ರಿಕ್ಸ್‌ನ ವಿಲೋಮ ತೆಗೆದು, ಉಳಿದ ವೇಗದೋಷದಿಂದ ಗುಣಿಸಿ, ಬಂದದ್ದನ್ನು ಆರಂಭದ ಎಕ್ಸ್ ಮತ್ತು ವೈ-ವೇಗದಿಂದ ಕಳೆಯಿರಿ. ಮತ್ತೆ ಓಡಿಸಿ. ಒಳ್ಳೆಯ ಊಹೆಯಿಂದ ಹೊರಟರೆ ಕೆಲವೇ ಸುತ್ತಿನಲ್ಲಿ ದೋಷ ಹತ್ತನೇ ದಶಮಾಂಶ ಸ್ಥಾನಕ್ಕೆ ಇಳಿಯುತ್ತದೆ.

ಇಳಿಯದೇ ಹೋದರೆ? ಮೊದಲು ಮ್ಯಾಟ್ರಿಕ್ಸ್‌ನ ನಿರ್ಧಾರಕ ನೋಡಿ, ಅದು 1 ಇರಬೇಕು. ಇಲ್ಲದಿದ್ದರೆ ಸಮೀಕರಣದಲ್ಲೇ ತಪ್ಪಿದೆ. ಅದು ಸರಿಯಿದ್ದೂ ಕೂರುತ್ತಿಲ್ಲ ಅಂದರೆ ಝಡ್ ಎತ್ತರ ಕಮ್ಮಿ ಮಾಡಿ, ಸುಲಭದ ಕಕ್ಷೆ ಒಂದನ್ನು ಹಿಡಿಯಿರಿ. ಆಮೇಲೆ ಅದರ ಉತ್ತರವನ್ನೇ ಊಹೆಯಾಗಿ ಇಟ್ಟು ಸ್ವಲ್ಪ ಸ್ವಲ್ಪ ಎತ್ತರ ಏರಿಸುತ್ತಾ ಬನ್ನಿ.

ಹೆಜ್ಜೆ 6: ಭೂಮಿಯಿಂದ ಬರುವ ದಾರಿ

ಕಕ್ಷೆ ಸಿಕ್ಕಿತು. ಈಗ ಅದೇ ಮ್ಯಾಟ್ರಿಕ್ಸನ್ನು ಪೂರ್ತಿ ಒಂದು ಸುತ್ತು ಓಡಿಸಿ. ಅದರ ಆರು ಐಗನ್ ಬೆಲೆಗಳನ್ನು ತೆಗೆಯಿರಿ. ಎರಡು 1 ಇರುತ್ತವೆ. ಒಂದು ಜೋಡಿ 1ರ ಗಾತ್ರದ ಮಿಶ್ರ ಸಂಖ್ಯೆ. ಉಳಿದ ಎರಡರಲ್ಲಿ ಒಂದು ಸಾವಿರಕ್ಕೂ ಮೇಲೆ, ಇನ್ನೊಂದು ಅದರ ವಿಲೋಮ. ದೊಡ್ಡದು ಇಳಿಯುವ ದಾರಿ, ಚಿಕ್ಕದು ಹತ್ತುವ ದಾರಿ.

ಚಿಕ್ಕದರ ಐಗನ್ ವೆಕ್ಟರ್ ಬೇಕು. ಅಷ್ಟು ಸಣ್ಣ ಬೆಲೆಯ ವೆಕ್ಟರ್‌ನಲ್ಲಿ ಅಂಕಿಗಳ ದೋಷ ನುಸುಳಬಹುದು. ಕಕ್ಷೆಯ ಆರಂಭ ಬಿಂದುವಿನಲ್ಲಿ ದೊಡ್ಡದರ ವೆಕ್ಟರ್ ತೆಗೆದು ಅದರಲ್ಲಿ ವೈ, ಎಕ್ಸ್-ವೇಗ, ಝಡ್-ವೇಗ ಈ ಮೂರರ ಚಿಹ್ನೆ ತಿರುಗಿಸಿದರೂ ಅದೇ ಸಿಗುತ್ತದೆ. ಕನ್ನಡಿಯ ಗುಣ ಇಲ್ಲೂ ಕೆಲಸಕ್ಕೆ ಬಂತು ನೋಡಿ.

ಈಗ ಕಕ್ಷೆಯ ಮೇಲೆ ನೂರಿನ್ನೂರು ಬಿಂದು ಗುರುತು ಮಾಡಿ. ಆರಂಭದ ವೆಕ್ಟರನ್ನು ಮ್ಯಾಟ್ರಿಕ್ಸ್‌ನಿಂದ ಗುಣಿಸುತ್ತಾ ಪ್ರತಿ ಬಿಂದುವಿಗೂ ಒಯ್ಯಿರಿ. ಪ್ರತಿ ಬಿಂದುವಿನಿಂದ ಆ ವೆಕ್ಟರ್‌ನ ದಿಕ್ಕಿನಲ್ಲಿ 150–200 ಕಿ.ಮೀ. ಸರಿಯಿರಿ, ಭೂಮಿ ಇರುವ ಕಡೆಗೆ. ಅಲ್ಲಿಂದ ಕಾಲವನ್ನು ಹಿಂದಕ್ಕೆ ಓಡಿಸಿ. ಒಂದೊಂದು ಬಿಂದುವಿನಿಂದಲೂ ಒಂದೊಂದು ದಾರಿ ಹೊರಟು, ಎಲ್ಲ ಸೇರಿ ಒಂದು ಕೊಳವೆಯ ಆಕಾರ ಮೂಡುತ್ತದೆ. ಇದಕ್ಕೆ ಸ್ಥಿರ ಮ್ಯಾನಿಫೋಲ್ಡ್ ಎಂದು ಹೆಸರು. ಕೊಳವೆಯ ಯಾವ ಎಳೆ ಭೂಮಿಯ ಅತಿ ಹತ್ತಿರ ಹಾಯುತ್ತದೆ ಎಂದು ನೋಡಿ. ಅದೇ ನಿಮ್ಮ ದಾರಿ. ಕಾಲವನ್ನು ಮುಂದಕ್ಕೆ ಓಡಿಸಿದರೆ ನೌಕೆ ಭೂಮಿಯ ಪಕ್ಕದಿಂದ ಹೊರಟು ಹೇಲೋ ಕಕ್ಷೆಯನ್ನು ಸುತ್ತಿಕೊಳ್ಳುತ್ತಾ ಸೇರುತ್ತದೆ. ಪ್ಲಾಟ್ ಮಾಡಿ ನೋಡುವ ಸಂತೋಷವನ್ನು ಬಿಡಬೇಡಿ.

ಈ ಕೊಳವೆಗಳನ್ನು ಪೂರ್ತಿ ಬಳಸಿಕೊಂಡದ್ದು ನಾಸಾದ ಜೆನೆಸಿಸ್ ನೌಕೆ. 2001ರಲ್ಲಿ ಹೊರಟು, ಎಲ್1ರ ಸುತ್ತ ಸೌರಮಾರುತದ ಕಣಗಳನ್ನು ಹಿಡಿದು, 2004ರಲ್ಲಿ ವಾಪಸ್ ಬಂತು. ಹಗಲು ಹೊತ್ತಿನಲ್ಲಿ ಅಮೆರಿಕದ ಯೂಟಾದಲ್ಲಿ ಇಳಿಯಬೇಕಿತ್ತು. ಅದಕ್ಕಾಗಿ ಎಲ್1ರಿಂದ ಇಳಿದು, ಭೂಮಿಯನ್ನು ದಾಟಿ, ಭೂಮಿಯ ಆಚೆ ಬದಿಯ ಅಂಥದ್ದೇ ಬಿಂದು ಎಲ್2ರ ಕಡೆ ಒಂದು ಸುತ್ತು ಹಾಕಿ ಬರುವ ದಾರಿಯನ್ನು ಆರಿಸಿದ್ದರು.

ಆದಿತ್ಯ ಹೊರಟ ರೀತಿಯನ್ನೂ ಇದರ ಜೊತೆ ನೋಡಬೇಕು. ಪಿಎಸ್‌ಎಲ್‌ವಿ ಅದನ್ನು ಬಿಟ್ಟದ್ದು 235 × 19,500 ಕಿ.ಮೀ. (ಭೂಮಿಗೆ ಅತಿ ಹತ್ತಿರದ ಮತ್ತು ಅತಿ ದೂರದ ಎತ್ತರ) ಕಕ್ಷೆಯಲ್ಲಿ. ಸೆಪ್ಟೆಂಬರ್ 3, 5, 10 ಮತ್ತು 15ರಂದು ಎಂಜಿನ್ ಉರಿಸಿ ಕಕ್ಷೆಯನ್ನು ಹಿಗ್ಗಿಸಿದರು. ಕೊನೆಗೆ ಅದು 256 × 1,21,973 ಕಿ.ಮೀ. ಆಯಿತು. ಸೆಪ್ಟೆಂಬರ್ 19ರಂದು ಎಲ್1ರ ದಾರಿಗೆ ಹತ್ತಿಸಿದರು. ಭೂಮಿಯ ಹತ್ತಿರದ ಬಿಂದುವಿನಲ್ಲಿ ವೇಗ ಜಾಸ್ತಿ ಇರುವಾಗ ಉರಿಸಿದ ಇಂಧನಕ್ಕೆ ಹೆಚ್ಚು ಫಲ ಸಿಗುತ್ತದೆ. ನೀವೂ ನಿಮ್ಮ ಎಳೆಯ ಅತಿ ಹತ್ತಿರದ ಬಿಂದುವನ್ನು 200–300 ಕಿ.ಮೀ. ಎತ್ತರಕ್ಕೆ ಹೊಂದಿಸಿ, ಅಲ್ಲಿನ ವೇಗದಿಂದ ಕೊನೆಯ ಕಕ್ಷೆಯ ವೇಗವನ್ನು ಕಳೆದರೆ ಹೊರಡಲು ಬೇಕಾದ ತಳ್ಳು ಎಷ್ಟೆಂದು ಸಿಗುತ್ತದೆ. ಆದರೆ ಒಂದು ಎಚ್ಚರ. ಇಲ್ಲಿಯವರೆಗೆ ಬಳಸಿದ ವೇಗಗಳು ತಿರುಗುವ ಚೌಕಟ್ಟಿನವು. ಕಳೆಯುವ ಮುನ್ನ ತಿರುಗದ, ಭೂಮಿಯ ಜೊತೆ ಸಾಗುವ ಚೌಕಟ್ಟಿಗೆ ಬದಲಾಯಿಸಲೇಬೇಕು.

200 ಕಿ.ಮೀ. ಎತ್ತರದಲ್ಲಿ ಹೊರಡುವ ವೇಗ ಸೆಕೆಂಡಿಗೆ ಸುಮಾರು 11 ಕಿ.ಮೀ. ಅದರಲ್ಲಿ 1 ಮೀಟರ್ ತಪ್ಪಿದರೆ ಏನಾಗುತ್ತದೆ? ಕೆಪ್ಲರ್ ಲೆಕ್ಕದಲ್ಲೇ ನೋಡಿದರೂ ಆಚೆ ತುದಿ 60,000 ಕಿ.ಮೀ.ಯಷ್ಟು ಜರುಗುತ್ತದೆ. ತಪ್ಪು ಬೆಳೆಯುವ ಮುನ್ನ ಬೇಗ ತಿದ್ದಬೇಕು. ಆದಿತ್ಯನ ದಾರಿಯನ್ನು ಅಕ್ಟೋಬರ್ 6ರಂದು ಸುಮಾರು 16 ಸೆಕೆಂಡ್ ಎಂಜಿನ್ ಉರಿಸಿ ತಿದ್ದಿದರು. ನಿಮ್ಮ ಲೆಕ್ಕದಲ್ಲೂ ಹೊರಟ ಎರಡನೇ ಅಥವಾ ಮೂರನೇ ವಾರಕ್ಕೆ ಒಂದು ತಿದ್ದುಪಡಿಗೆ ಜಾಗ ಇಡಿ.

ಹೆಜ್ಜೆ 7: ನಿಜವಾದ ಆಕಾಶಕ್ಕೆ

ಇಷ್ಟೂ ಹೊತ್ತು ಭೂಮಿ ವೃತ್ತದಲ್ಲಿ ಸುತ್ತುತ್ತದೆ ಎಂದುಕೊಂಡಿದ್ದೆವು. ನಿಜದಲ್ಲಿ ಸೂರ್ಯನಿಂದ ಅದರ ದೂರ 14.7 ಕೋಟಿಯಿಂದ 15.2 ಕೋಟಿ ಕಿ.ಮೀ.ವರೆಗೆ ಬದಲಾಗುತ್ತದೆ. ಅದರ ಜೊತೆ ಎಲ್1 ಕೂಡ ಆಚೀಚೆ 25,000 ಕಿ.ಮೀ.ಯಷ್ಟು ಉಸಿರಾಡುತ್ತದೆ. ಚಂದ್ರ ಬೇರೆಯೇ ಎಳೆಯುತ್ತಾನೆ. ಶುಕ್ರ, ಗುರು ಇದ್ದಾರೆ. ಸೂರ್ಯನ ಬೆಳಕಿನ ಒತ್ತಡವೂ ಇದೆ.

ಈ ಹಂತಕ್ಕೆ ನಾಸಾ ಉಚಿತವಾಗಿ ಕೊಡುವ ಜಿಮ್ಯಾಟ್ ತಂತ್ರಾಂಶ ಮತ್ತು ನಾಸಾದ್ದೇ ಪ್ರಯೋಗಾಲಯ ಜೆಪಿಎಲ್‌ನ ಗ್ರಹಸ್ಥಾನದ ಕಡತಗಳನ್ನು ಬಳಸಿ. ಸರಳ ಮಾದರಿಯಲ್ಲಿ ಸಿಕ್ಕ ದಾರಿಯನ್ನು ಒಂದೇ ಏಟಿಗೆ ಅಲ್ಲಿ ಓಡಿಸಬೇಡಿ, ಅರ್ಧ ಸುತ್ತಿಗೇ ಎಲ್ಲೋ ಹಾರಿಹೋಗುತ್ತದೆ. ದಾರಿಯನ್ನು ಹತ್ತಿಪ್ಪತ್ತು ತುಂಡು ಮಾಡಿ. ಒಂದು ತುಂಡಿನ ಕೊನೆ ಮುಂದಿನ ತುಂಡಿನ ಆರಂಭಕ್ಕೆ ಸ್ಥಾನದಲ್ಲೂ ವೇಗದಲ್ಲೂ ಕೂಡುವ ಹಾಗೆ ಎಲ್ಲವನ್ನೂ ಒಟ್ಟಿಗೆ ತಿದ್ದಿ. ತುಂಡು ಚಿಕ್ಕದಾದಷ್ಟೂ ತಪ್ಪು ಬೆಳೆಯಲು ಸಮಯ ಕಮ್ಮಿ. ಫಲಿತಾಂಶ ಪಕ್ಕಾ ಮುಚ್ಚಿದ ಬಳೆ ಆಗಿರುವುದಿಲ್ಲ, ಪ್ರತಿ ಸುತ್ತೂ ಸ್ವಲ್ಪ ಬೇರೆ ಇರುತ್ತದೆ. ಅದೇ ಸರಿ.

ಹೆಜ್ಜೆ 8: ಕಕ್ಷೆಯಲ್ಲಿ ಉಳಿಸಿಕೊಳ್ಳುವುದು

16 ದಿನಕ್ಕೆ ದುಪ್ಪಟ್ಟಾಗುವ ತಪ್ಪನ್ನು ಆಗಾಗ ಕೊಡವಿಕೊಳ್ಳುತ್ತಿರಬೇಕು. ನೌಕೆ ಈಗ ಇರುವ ಜಾಗದಿಂದ ಮುಂದಕ್ಕೆ ಓಡಿಸಿ. ಎಕ್ಸ್–ಝಡ್ ಸಮತಲವನ್ನು ಎರಡು-ಮೂರು ಸಲ ದಾಟುವಾಗ ಎಕ್ಸ್-ವೇಗ ಸೊನ್ನೆಗೆ ಹತ್ತಿರ ಇರಬೇಕು. ಅದಕ್ಕೆ ಇವತ್ತು ಎಷ್ಟು ತಳ್ಳಬೇಕು ಎಂದು ಹುಡುಕಿ. ಹಳೆಯ ಕಕ್ಷೆಗೆ ಕೂದಲೆಳೆಯಷ್ಟೂ ತಪ್ಪದೆ ವಾಪಸ್ ತರಲು ಹೋಗಬೇಡಿ, ಸುಮ್ನೆ ಇಂಧನ ಖರ್ಚು. ಏಣಿನಿಂದ ಜಾರದಿದ್ದರೆ ಸಾಕು.

ಆದಿತ್ಯ ಮೊದಲ ಸುತ್ತಿನಲ್ಲಿ 2024ರ ಫೆಬ್ರವರಿ 22 ಮತ್ತು ಜೂನ್ 7ರಂದು ಹೀಗೆ ತಿದ್ದಿಕೊಂಡಿತು. ಜುಲೈ 2ರಂದು ಮೂರನೇ ಸಲ ತಿದ್ದಿಕೊಂಡು ಎರಡನೇ ಸುತ್ತಿಗೆ ಕಾಲಿಟ್ಟಿತು. ಎಲ್1ರ ನೌಕೆಗಳಿಗೆ ಈ ಕೆಲಸಕ್ಕೆ ವರ್ಷಕ್ಕೆ ಬೇಕಾಗುವುದು ಸೆಕೆಂಡಿಗೆ ಕೆಲವೇ ಮೀಟರ್‌ನಷ್ಟು ವೇಗ ಬದಲಾವಣೆ.

ಇದೇ ಕೋಡನ್ನು ಚಂದ್ರನ ಕಡೆ ತಿರುಗಿಸಿದರೆ

ಮ್ಯೂವನ್ನು 0.01215 ಮಾಡಿ. ದೂರದ ಘಟಕ 3,84,400 ಕಿ.ಮೀ., ಕಾಲದ ಘಟಕ ಸುಮಾರು 4.34 ದಿನ. ಒಂದು ಸಾಲೂ ಬದಲಾಯಿಸದೆ ಭೂಮಿ–ಚಂದ್ರನ ಹೇಲೋ ಕಕ್ಷೆಗಳು ಸಿಗುತ್ತವೆ. ಚಂದ್ರನ ಆಚೆ ಬದಿಯ ಎಲ್2ರಿಂದ ಹೊರಟು ಝಡ್ ಎತ್ತರವನ್ನು ಏರಿಸುತ್ತಾ ಹೋದರೆ ಕಕ್ಷೆ ಕ್ರಮೇಣ ಚಂದ್ರನ ಧ್ರುವದ ಮೇಲೆ ನಿಮಿರಿ ನಿಲ್ಲುತ್ತದೆ. ಒಂದು ಹಂತದ ನಂತರ ಝಡ್ ಗಟ್ಟಿ ಮಾಡಿದರೆ ಲೆಕ್ಕ ಕೂರುವುದಿಲ್ಲ. ಆಗ ಎಕ್ಸನ್ನು ಗಟ್ಟಿ ಮಾಡಿ, ಝಡ್ ಮತ್ತು ವೈ-ವೇಗ ಬದಲಾಗಲು ಬಿಡಿ. ನಾಸಾದ ಕ್ಯಾಪ್‌ಸ್ಟೋನ್ ಎಂಬ ಪುಟ್ಟ ನೌಕೆ 2022ರ ನವೆಂಬರ್‌ನಲ್ಲಿ ಸೇರಿದ್ದು ಈ ಕುಟುಂಬದ, ಸುಮಾರು ಆರೂವರೆ ದಿನದ ಒಂದು ಕಕ್ಷೆಯನ್ನು.

ಆದರೆ ಅಲ್ಲಿಗೆ ಹೋಗುವ ದಾರಿಗೆ ಈ ಮಾದರಿ ಸಾಲದು. ಕ್ಯಾಪ್‌ಸ್ಟೋನ್ ಆಗಲಿ, ಅದೇ ವರ್ಷ ಹೊರಟ ಕೊರಿಯಾದ ದನೂರಿ ಆಗಲಿ ನೇರ ಚಂದ್ರನಿಗೆ ಹೋಗಲಿಲ್ಲ. ಭೂಮಿಯಿಂದ 15 ಲಕ್ಷ ಕಿ.ಮೀ. ಆಸುಪಾಸಿಗೆ ಹೋಗಿ, ಅಲ್ಲಿ ಸೂರ್ಯನ ಸೆಳೆತದಿಂದ ದಾರಿ ಮೇಲೆತ್ತಿಸಿಕೊಂಡು, ನಾಲ್ಕು ತಿಂಗಳಿಗೂ ಜಾಸ್ತಿ ಸಮಯ ಕೊಟ್ಟು ಇಂಧನ ಉಳಿಸಿಕೊಂಡವು. 1991ರಲ್ಲಿ ಜಪಾನಿನ ಹಿಟೆನ್ ನೌಕೆಗೆ ಎಡ್ವರ್ಡ್ ಬೆಲ್‌ಬ್ರೂನೊ ಹುಡುಕಿಕೊಟ್ಟದ್ದೂ ಇಂಥದ್ದೇ ದಾರಿ. ಆ ಲೆಕ್ಕಕ್ಕೆ ಭೂಮಿ–ಚಂದ್ರನ ಸಮೀಕರಣದಲ್ಲಿ ಸೂರ್ಯನನ್ನು ನಾಲ್ಕನೆಯವನಾಗಿ ಸೇರಿಸಬೇಕು. ಸೂರ್ಯ ಸೇರಿದ ಕೂಡಲೇ ಯಾಕೋಬಿ ಸ್ಥಿರಾಂಕ ಸ್ಥಿರವಾಗಿ ಉಳಿಯುವುದಿಲ್ಲ, ಹಾಗಾಗಿ ಆ ಪರೀಕ್ಷೆಯನ್ನು ಸೂರ್ಯನನ್ನು ಸೇರಿಸುವ ಮೊದಲೇ ಮುಗಿಸಿಕೊಳ್ಳಿ.